ಅವರೆಕಾಳನ್ನು ಹೆದರಿಸುವ ಕ್ರಮ

ಪಾತ್ರೆಯ ಒಂದು ಕಿವಿಯನ್ನು ತೆರೆಸಾ ಹಿಡಿದಿದ್ದಳು, ಇನ್ನೊಂದನ್ನು ಅವಳ ಗಂಡನ ಅಣ್ಣ ಕ್ಯಾಮಿಲಸ್ ಹಿಡಿದಿದ್ದರು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುತ್ತಾರಲ್ಲ, ಹಾಗೆ ಅವಳು ಫ್ರಿಜ್ಜಿನ ಕಡೆಗೆ ಎಳೆದರೆ ಅವರು ಸಿಂಕಿನ ಕಡೆಗೆ ಎಳೆಯುತ್ತಿದ್ದರು. ನಡುವೆ, ನೀರಲ್ಲಿ ನೆನೆದ ಹೆಬ್ಬೆರಳ ಗಾತ್ರದ ಬಿಳಿ ಅವರೆಕಾಳುಗಳು ಅತ್ತಿತ್ತ ಉರುಳಾಡುತ್ತಿದ್ದವು.

"ಬಿಡು ತೆರೆಸಾ. ಕೆಳಗೆ ಬಸ್ಸಿನವ ಹಾರ್ನ್ ಹಾಕ್ತಾ ಇದ್ದಾನೆ. ಗಂಡನನ್ನು ಮಣ್ಣು ಮಾಡುವ ದಿನ ಎಂತ ಅವರೆಕಾಳು?"

"ನೀವು ಬಿಡಿ ಬಾವ. ನೀವು ಬಿಟ್ರೆ ನಾನು ಬಸ್ಸು ಹತ್ತುತ್ತೇನೆ."

"ಹುಳಿ ವಾಸನೆ ಬರ್ತಾ ಉಂಟು ಇದಕ್ಕೆ."

"ಇನ್ನೂ ಬರ್ಲಿಲ್ಲ. ನಾಳೆಗೆ ಬರ್ತದೆ. ಅದಕ್ಕೇ ಇವತ್ತು ಬೇಯಿಸ್ಬೇಕು."

ಕ್ಯಾಮಿಲಸ್ ಗಾಬರಿಯಲ್ಲಿ ಕೈ ಬಿಟ್ಟರು. ಅರ್ಧ ಲೋಟದಷ್ಟು ನೀರು ಎಗರಿ ಅವರ ಕರಿ ಕೋಟಿನ ಮೇಲೆ ಬಿತ್ತು.

"ಬೇಯಿಸುದಾ? ಸಾವಾದ ಮನೆಯಲ್ಲಾ? ಹಂದಿ ಮಾಂಸ ಹಾಕಿಯಾ? ಅದೂ ಶುಕ್ರವಾರ?"

ಈ ನಾಲ್ಕು ಪ್ರಶ್ನೆಗಳಿಗೂ ಹೌದು ಎಂಬ ಒಂದೇ ಉತ್ತರವಿತ್ತು. ಅದನ್ನು ಆಗಲೇ ಹೇಳಿದರೆ ದಫನ್ ಎರಡಾದೀತು ಎಂದುಕೊಂಡು ತೆರೆಸಾ ಬಾಯಿ ಮುಚ್ಚಿಕೊಂಡಳು. ಪಾತ್ರೆಯನ್ನು ಫ್ರಿಜ್ಜಿನೊಳಗೆ ಸೇರಿಸಿ, ಕರಿ ಸೀರೆಯ ಸೆರಗು ಸರಿಮಾಡಿ, ಮಗಳು ಸ್ವೀಡಲ್‌ಳ ಕೈ ಹಿಡಿದು ಲಿಫ್ಟಿನ ಕಡೆ ನಡೆದಳು.

ಸಂಗತಿ ಇಷ್ಟೇ. ಅವಳ ಗಂಡ ಗೇಬ್ರಿಯಲ್, ಗಲ್ಫಿಗೆ ಬಂದು ದೇರಾದ ಒಂದು ಹೋಟೆಲಿನ ಲಾಂಡ್ರಿಯಲ್ಲಿ ಆಯುಷ್ಯವಿಡೀ ಬೆಡ್‌ಶೀಟು ಒಗೆಸಿದವನು, ಮಂಗಳವಾರ ರಾತ್ರಿ ಈ ಕಾಳನ್ನು ನೆನೆಹಾಕಿದ್ದ. ಬುಧವಾರ ಬೆಳಿಗ್ಗೆ ಡ್ಯೂಟಿಗೆ ಹೊರಟವನು ಬೂಟಿನ ಲೇಸು ಕಟ್ಟಲು ಬಗ್ಗಿದ, ಮತ್ತೆ ಏಳಲಿಲ್ಲ. ವಾರದ ರಜೆಯೆಂದು ಶುಕ್ರವಾರ ತನ್ನ ಮಹಡಿಯವರನ್ನೆಲ್ಲ ಊಟಕ್ಕೆ ಕರೆದಿದ್ದ. ಕರೆದವರೆಲ್ಲ ಶುಕ್ರವಾರವೇ ಬಂದರು, ಕರಿ ಬಟ್ಟೆ ಹಾಕಿಕೊಂಡು. ತೆರೆಸಾ ಎರಡು ದಿನದಿಂದ ಊಟ ನಿದ್ದೆ ಮರೆತರೂ ಕಾಳಿನ ನೀರು ಬದಲಿಸುವುದನ್ನು ಮರೆತಿರಲಿಲ್ಲ. ಅದು ಅವನ ಕೈಯ ಕೊನೆಯ ಕೆಲಸ. ಅದು ಸಿಂಕಿನ ತೂತಿನಲ್ಲಿ ಇಳಿದು ಹೋಗಲು ಅವಳು ಬಿಡುವವಳಲ್ಲ.

*

ಗೇಬ್ರಿಯಲ್‌ಗೆ ಅಡುಗೆ ಬರುತ್ತಿರಲಿಲ್ಲ. ಸತ್ತವರ ಬಗ್ಗೆ ಒಳ್ಳೆಯದನ್ನೇ ಹೇಳಬೇಕು, ನಿಜ. ಆದರೆ ಮೊಟ್ಟೆ ಒಡೆದರೆ ಸಿಪ್ಪೆಯನ್ನೂ ಬಾಣಲೆಗೆ ಬೀಳಿಸುವವನನ್ನು ಅಡುಗೆಯವನು ಅಂದರೆ ಮೇಲಿರುವವನೂ ನಕ್ಕಾನು. ಚಹಾ ಮಾಡಿದರೆ ಅದಕ್ಕೆ ಸಾಬೂನಿನ ರುಚಿ. ವರ್ಷಕ್ಕೊಮ್ಮೆ, ಜನವರಿಯ ಚಳಿಯಲ್ಲಿ, ಅವನು ಮಾಡುತ್ತಿದ್ದದ್ದು ಇದೊಂದೇ ಅಡುಗೆ: ಫಬಾದಾ. ಸ್ಪೇನ್ ದೇಶದ ಸಾಮಾನು. ಬಿಳಿ ಅವರೆಕಾಳು, ಹಂದಿಯ ಕೊಬ್ಬಿನ ತುಂಡು, ಕೆಂಪು ಸಾಸೇಜು, ರಕ್ತ ಹಾಕಿ ಮಾಡಿದ ಕರಿ ಸಾಸೇಜು, ನಾಲ್ಕು ಎಳೆ ಕೇಸರಿ. ಮೆಣಸಿಲ್ಲ, ಹುಳಿಯಿಲ್ಲ, ಕಾಯಿಯಿಲ್ಲ.

ಕಲಿಸಿದವನು ಅನ್ಸೆಲ್ಮೋ ಎಂಬ ಸ್ಪೇನಿನ ಬಾಣಸಿಗ. ಆಗ ಗೇಬ್ರಿಯಲ್ ಹೋಟೆಲಿಗೆ ಸೇರಿ ಬಹಳ ಕಾಲವಾಗಿರಲಿಲ್ಲ. ಫ್ಯಾಮಿಲಿ ವೀಸಾ ಸಿಕ್ಕಿರಲಿಲ್ಲ. ಊರಲ್ಲಿ ಹುಟ್ಟಿದ ಮಗಳ ಮುಖವನ್ನು ಫೋಟೋದಲ್ಲಷ್ಟೇ ನೋಡಿ, ರಾತ್ರಿ ನಿದ್ದೆ ಬಾರದೆ ಹೊರಳುತ್ತಿದ್ದ ಕಾಲ ಅದು. ಅನ್ಸೆಲ್ಮೋನ ಏಪ್ರನ್‌ಗಳ ಕಲೆಯನ್ನು ಅವನಷ್ಟು ಚೆನ್ನಾಗಿ ಬೇರೆ ಯಾರೂ ತೆಗೆಯುತ್ತಿರಲಿಲ್ಲವಂತೆ. ಆ ಸಂತೋಷಕ್ಕೆ ಬಾಣಸಿಗ ಒಂದು ಚಳಿಗಾಲ ಲಾಂಡ್ರಿಯವರಿಗೆಲ್ಲ ಫಬಾದಾ ಮಾಡಿ ಹಾಕಿದ. ಗೇಬ್ರಿಯಲ್ ಎರಡು ತಟ್ಟೆ ತಿಂದ. ಹೊಟ್ಟೆ ಎಷ್ಟು ಭಾರವಾಯಿತೆಂದರೆ ಮನಸ್ಸು ಭಾರವಾಗಲು ಜಾಗವೇ ಉಳಿಯಲಿಲ್ಲ. ಅಂದು ರಾತ್ರಿ ಮಗುವಿನ ಹಾಗೆ ಮಲಗಿದ.

"ಇದು ಊಟ ಅಲ್ಲ ತೆರೆಸಾ, ಮದ್ದು," ಎಂದು ಮುಂದೆ ಹೆಂಡತಿಗೆ ಹೇಳುತ್ತಿದ್ದ. "ಊರು ಬಿಟ್ಟು ಬಂದವರಿಗೆ ವರ್ಷಕ್ಕೊಂದು ಡೋಸ್ ಸಾಕು."

ಅನ್ಸೆಲ್ಮೋ ಊರಿಗೆ ಹಿಂದಿರುಗುವಾಗ ಈ ಎರಡು ಕಿವಿಯ ಎನಾಮಲ್ ಪಾತ್ರೆಯನ್ನು ಅವನಿಗೇ ಕೊಟ್ಟು, ಅರೆಬರೆ ಇಂಗ್ಲಿಷಿನಲ್ಲೂ ಉಳಿದದ್ದನ್ನು ಕೈಸನ್ನೆಯಲ್ಲೂ ಕಟ್ಟಳೆಗಳನ್ನು ಹೇಳಿಹೋಗಿದ್ದ. ಒಳಗೆ ಚಮಚ ಹಾಕಬಾರದು, ಕಾಳು ಒಡೆಯುತ್ತದೆ. ಎರಡು ಕಿವಿ ಹಿಡಿದು ಪಾತ್ರೆಯನ್ನೇ ಅಲ್ಲಾಡಿಸಬೇಕು. ಮತ್ತೆ, ಕುದಿ ಮೇಲೆ ಬಂದಾಗಲೆಲ್ಲ ಒಂದು ಲೋಟ ತಣ್ಣೀರು ಸುರಿದು ಕಾಳನ್ನು ಹೆದರಿಸಬೇಕು. ಮೂರು ಸಲ. ಹೆದರಿದ ಕಾಳು ಸಿಪ್ಪೆ ಬಿಡುವುದಿಲ್ಲ, ಒಳಗೆ ಬೆಣ್ಣೆಯಾಗುತ್ತದೆ. ಅನ್ಸೆಲ್ಮೋ ನೀರು ಸುರಿಯುವಾಗ ತನ್ನ ಭಾಷೆಯಲ್ಲಿ ಗದರಿಸುತ್ತಿದ್ದನಂತೆ. ಹೊರಗೆ ತಟ್ಟೆ ತೊಳೆಯುತ್ತಿದ್ದವರು ಓಡಿ ಬರುತ್ತಿದ್ದರಂತೆ. ಗೇಬ್ರಿಯಲ್‌ಗೆ ಆ ಭಾಷೆ ಎಲ್ಲಿ ಬರಬೇಕು? ಲಾಂಡ್ರಿಯ ಅರಬಿ ಮ್ಯಾನೇಜರು ದಿನವಿಡೀ ತನ್ನ ಮೇಲೆ ಕಿರುಚುತ್ತಿದ್ದ ಮಾತನ್ನೇ ಅವನು ಕಾಳಿನ ಮೇಲೆ ಕಿರುಚಿದ.

"ಏಯ್! ಖಲಾಸ್!"

ಸಾಕು, ಮುಗಿಯಿತು ಎಂದು ಅರ್ಥ. ಕರಾಮಾದ ಈ ಫ್ಲಾಟಿಗೆ ಬಂದ ಮೊದಲ ವರ್ಷ ಅವನು ಹಾಗೆ ಕಿರುಚಿದಾಗ ಪಕ್ಕದ ಫ್ಲಾಟಿನ ಝುಲೈಖಾಳ ಹಸುಗೂಸು ಬೆಚ್ಚಿ ಎದ್ದು ಅತ್ತಿತು. ಝುಲೈಖಾ ಸಿಟ್ಟಿನಲ್ಲಿ ಮಸಾಲೆ ಗುದ್ದುವ ಕಲ್ಲಿನಿಂದ ಗೋಡೆಗೆ ಒಂದು ಬಡಿದಳು. ಮರುದಿನ ಲಿಫ್ಟಿನಲ್ಲಿ ಕೇಳಿಯೂ ಕೇಳಿದಳು.

"ಎಂತ ಗೇಬ್ರಿಯಲಣ್ಣ, ನಿನ್ನೆ ಬಾಯಮ್ಮನಿಗೆ ಬೈದದ್ದಾ?"

"ತೆರೆಸಾಳಿಗಾ? ನನಗೆ ಧೈರ್ಯ ಉಂಟಾ ಮಾರಾಯ್ತಿ? ಅವರೆಕಾಳಿಗೆ ಬೈದದ್ದು."

ಅಂದಿನಿಂದ ಅದೊಂದು ಕ್ರಮವೇ ಆಗಿಹೋಯಿತು. ವರ್ಷಕ್ಕೊಂದು ದಿನ ಗೋಡೆಯ ಈ ಕಡೆಯಿಂದ ಮೂರು ಕಿರುಚು, ಆ ಕಡೆಯಿಂದ ಮೂರು ಗುದ್ದು. ಆ ಹಸುಗೂಸು ಈಗ ದೇರಳಕಟ್ಟೆಯಲ್ಲಿ ಡಾಕ್ಟರು ಓದುತ್ತಿದೆ. ಗುದ್ದು ಮಾತ್ರ ಒಂದು ವರ್ಷವೂ ತಪ್ಪಿರಲಿಲ್ಲ.

*

ಜೆಬೆಲ್ ಅಲಿಯ ಸ್ಮಶಾನದಲ್ಲಿ ಎಲ್ಲರೂ ತೆರೆಸಾ ಅಳುವುದನ್ನು ಕಾಯುತ್ತಿದ್ದರು. ಹೆಂಗಸರು ಕರ್ಚೀಫು ಮಡಚಿ ಸಿದ್ಧರಾಗಿದ್ದರು. ತೆರೆಸಾಳಿಗೆ ಅಳು ಬರಲಿಲ್ಲ. ಎದೆಯಲ್ಲಿ ದುಃಖ ಇರಲಿಲ್ಲವೆಂದಲ್ಲ, ಬೇಕಾದಷ್ಟಿತ್ತು. ಆದರೆ ಬಿಲ್ಡಿಂಗಿನಲ್ಲಿ ನೀರು ಹೋದ ದಿನ ನಲ್ಲಿ ತಿರುಗಿಸಿದರೆ ಬರೇ ಗಾಳಿ ಬರುತ್ತದಲ್ಲ, ಹಾಗಾಗಿತ್ತು ಅವಳ ಸ್ಥಿತಿ. ಪೆಟ್ಟಿಗೆಯ ಮೇಲೆ ಒಂದು ಹಿಡಿ ಮಣ್ಣು ಹಾಕಬೇಕು. ಇಲ್ಲಿ ಮಣ್ಣೆಲ್ಲಿ ಬಂತು? ಒಣ ಮರಳು. ಅವಳು ಹಾಕಿದ್ದರಲ್ಲಿ ಅರ್ಧ ಗಾಳಿಗೆ ಹಾರಿ, ಅವರೆಕಾಳಿನ ನೀರು ಇನ್ನೂ ಆರಿರದ ಕ್ಯಾಮಿಲಸರ ಕೋಟಿಗೆ ಅಂಟಿತು.

"ಪಾಪ, ಕಲ್ಲಾಗಿ ಹೋಗಿದೆ ಹೆಂಗಸು," ಎಂದು ಯಾರೋ ಪಿಸುಗುಟ್ಟಿದರು.

ಬಸ್ಸು ಹಿಂದಿರುಗುವಾಗ ಎದುರು ಫ್ಲಾಟಿನ ಚಂದ್ರಮತಿ ಅವಳ ಪಕ್ಕ ಕೂತಳು. ಚಂದ್ರಮತಿಯ ಗಂಡ ಶೀನಪ್ಪ ಹಿಂದಿನ ಸೀಟಿನಲ್ಲಿದ್ದ. ಅಲ್ ಕೂಜ್‌ನಲ್ಲಿ ಟೈಪಿಂಗ್ ಸೆಂಟರ್ ಇಟ್ಟುಕೊಂಡು ಜನರ ವೀಸಾ ಅರ್ಜಿ ತುಂಬುವವನು; ಎರಡೇ ದಿನದಲ್ಲಿ ದಫನಿನ ಕಾಗದಪತ್ರವನ್ನೆಲ್ಲ ಓಡಾಡಿ ಮುಗಿಸಿದವನೂ ಅವನೇ. ಬಸ್ಸು ಸ್ವಲ್ಪ ದೂರ ಸಾಗಿತು. ಆಮೇಲೆ ಶೀನಪ್ಪ ಮೂಗು ಒರೆಸಿಕೊಂಡ.

"ಮಂಗಳವಾರ ಲಿಫ್ಟಲ್ಲಿ ಸಿಕ್ಕಿದ್ರು ಗೇಬ್ರಿಯಲ್ ಪೊರ್ಬುಗಳು. 'ಶುಕ್ರವಾರ ತಪ್ಪಿಸಬೇಡಿ ಶೀನಪ್ಪಣ್ಣ' ಅಂದ್ರು."

"ತಪ್ಪಿಸ್ಲಿಲ್ಲ ಅಲ್ವಾ," ಎಂದು ಚಂದ್ರಮತಿ ಬಿಕ್ಕಿದಳು.

"ಒಂದು ಸತ್ಯ ಹೇಳ್ಬೇಕು ಬಾಯಮ್ಮ. ಹೇಳದಿದ್ರೆ ನನಗೆ ಇವತ್ತು ಅನ್ನ ಇಳಿಯುದಿಲ್ಲ. ನಾನು ಪ್ರತಿ ವರ್ಷ ನಿಮ್ಮಲ್ಲಿಗೆ ಬರುವಾಗ ಕಿಸೆಯಲ್ಲಿ ಮಿಡಿ ಉಪ್ಪಿನಕಾಯಿ ತರ್ತಿದ್ದೆ. ಅವರು ಆಚೆ ತಿರುಗಿದಾಗ ಒಂದು ಕಚ್ಚುದು, ಒಂದು ಚಮಚ ಕಾಳು ನುಂಗುದು."

ಚಂದ್ರಮತಿ ಗಂಡನ ಕಡೆ ತಿರುಗಿದಳು. "ನಿಮ್ಮ ಅಂಗಿ ಕಿಸೆಯ ಎಣ್ಣೆ ಕಲೆ ಅದಾ? ಆ ಅಂಗಿಯನ್ನು ನಾನು ಗೇಬ್ರಿಯಲಣ್ಣನ ಹತ್ರವೇ ಕೊಟ್ಟು ತೊಳೆಸಿದ್ದು!" ಆಮೇಲೆ ದನಿ ತಗ್ಗಿಸಿ, "ನಾನೂ ಎಂತ ಹೇಳುದು? ಮನೆಗೆ ತಕೊಂಡು ಹೋಗಿ ಮರುದಿನ ಬ್ಯಾಡಗಿ ಮೆಣಸು, ಬೆಳ್ಳುಳ್ಳಿ ಹಾಕಿ ಒಗ್ಗರಣೆ ಕೊಡ್ತಿದ್ದೆ. ಆಮೇಲೆ ಭಾರೀ ಲಾಯ್ಕ್ ಆಗ್ತಿತ್ತು."

"ಮಮ್ಮಾ, ಐ ಯೂಸ್ಡ್ ಟು ಪುಟ್ ಕೆಚಪ್," ಎಂದಳು ಸ್ವೀಡಲ್, ಅತ್ತು ಕೆಂಪಾದ ಕಣ್ಣಲ್ಲೇ. "ಡ್ಯಾಡಿ ನೆವರ್ ನ್ಯೂ."

ತೆರೆಸಾ ಕಿಟಕಿಯ ಕಡೆ ನೋಡುತ್ತಿದ್ದಳು. "ನಾನು ಎಂತ ಮಾಡ್ತಿದ್ದೆ ಗೊತ್ತುಂಟಾ?" ಎಂದಳು ಮೆಲ್ಲಗೆ. "ಮಧ್ಯಾಹ್ನವೇ ಬಂಗುಡೆ ಸಾರು ಮಾಡಿ ಕುತ್ತಿಗೆವರೆಗೆ ಉಣ್ತಿದ್ದೆ. ರಾತ್ರಿ ನಿಮಗೆಲ್ಲ ಬಡಿಸಿ ಬಡಿಸಿ, 'ಬಡಿಸಿಯೇ ಹೊಟ್ಟೆ ತುಂಬಿತು ರೀ' ಅಂತ ಹೇಳುದು. ಅವರು, 'ನೋಡಿ, ನನ್ನ ಹೆಂಡ್ತಿಯ ಮನಸ್ಸು ನೋಡಿ' ಅಂತ ಹೊಗಳುದು."

ಮೊದಲು ನಕ್ಕದ್ದು ಶೀನಪ್ಪ. ಆಮೇಲೆ ಯಾರನ್ನೂ ಹಿಡಿಯಲಾಗಲಿಲ್ಲ. ತೆರೆಸಾ ಸೆರಗನ್ನು ಬಾಯಿಗೆ ತುರುಕಿ ಮುಂದಿನ ಸೀಟಿಗೆ ಹಣೆ ಒತ್ತಿ ಕುಲುಕುಲು ಕುಲುಕಿದಳು. ಹಿಂದೆ ಕೂತ ಹೆಂಗಸರು ಅವಳ ಭುಜ ಅಲ್ಲಾಡುವುದನ್ನು ನೋಡಿ, "ಅಬ್ಬಾ, ಅಂತೂ ಅತ್ತಳು," ಎಂದು ಕರ್ಚೀಫು ಮುಂದಕ್ಕೆ ದಾಟಿಸಿದರು. ಡ್ರೈವರನ ಪಕ್ಕ ಕೂತಿದ್ದ ಕ್ಯಾಮಿಲಸ್ ಹಿಂದಿರುಗಿ ನೋಡಿ, ತಾವೂ ಕಣ್ಣೊರೆಸಿಕೊಂಡರು.

*

ಮಂಗಳವಾರ ರಾತ್ರಿ ಗೇಬ್ರಿಯಲ್‌ಗೆ ನೆಗಡಿಯಾಗಿತ್ತು. ಗಂಟಲು ಕಟ್ಟಿ ಬಾತುಕೋಳಿಯ ಸ್ವರ ಬಂದಿತ್ತು. ಸೂಪರ್‌ಮಾರ್ಕೆಟಿನ ಹಿಂಬದಿಯ, ಮುಸ್ಲಿಮೇತರರಿಗೆ ಎಂದು ಬೋರ್ಡು ಹಾಕಿದ ಕೋಣೆಯಿಂದ ಮಾಂಸ, ಸಾಸೇಜು ತಂದು ಫ್ರಿಜ್ಜಿನಲ್ಲಿಟ್ಟು, ಕಾಳನ್ನು ಪಾತ್ರೆಗೆ ಸುರಿದ.

"ಶುಕ್ರವಾರಕ್ಕೆ ಇವತ್ತೇ ನೆನೆಹಾಕುದಾ?" ಎಂದಳು ತೆರೆಸಾ.

"ಹಳೇ ಕಾಳು, ನನ್ನ ಹಾಗೆ. ಹೆಚ್ಚು ನೆನೆಯಬೇಕು." ಅವನು ಕೆಮ್ಮಿದ. "ಈ ಸಲ ಹೆದರಿಸುದು ನೀನು. ನನ್ನ ಗಂಟಲು ಆಗುದಿಲ್ಲ."

"ನನಗೆ ಬೇರೆ ಕೆಲಸ ಇಲ್ವಾ? ನಿಮ್ಮ ಕಾಳು, ನೀವೇ ಹೆದರಿಸಿ."

"ನನ್ನನ್ನು ಹೆದರಿಸಿ ಹೆದರಿಸಿ ಅಭ್ಯಾಸ ಉಂಟಲ್ಲ ನಿನಗೆ, ಹಾಗೆ ಹೇಳಿದ್ದು," ಎಂದು ಅವನು ಆ ಬಾತುಕೋಳಿಯ ಸ್ವರದಲ್ಲೇ ನಕ್ಕಿದ್ದ. ಅವಳು ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಅವನ ಮೇಲೆ ಎಸೆದಿದ್ದಳು.

*

ಮನೆಗೆ ಬರುವಾಗ ಝುಲೈಖಾ ದೊಡ್ಡ ಪಾತ್ರೆಯಲ್ಲಿ ಗಂಜಿ, ತೆಂಗಿನಕಾಯಿ ಚಟ್ನಿ ತಂದಿಟ್ಟಿದ್ದಳು. ಸಾವಿನ ಮನೆಯಲ್ಲಿ ಒಲೆ ಹೊತ್ತಿಸಬಾರದು, ಗಂಜಿ ನೆರೆಯವರೇ ತರಬೇಕು, ಏಳನೇ ದಿನದವರೆಗೆ ಮಾಂಸ ತಿನ್ನಬಾರದು ಎಂಬ ಕ್ರಮವನ್ನು ಕ್ಯಾಮಿಲಸ್ ತಮ್ಮನ ಸುದ್ದಿ ಕೇಳಿ ಮುಸಫ್ಫಾದಿಂದ ಬರುವ ದಾರಿಯಲ್ಲೇ ಎಲ್ಲರಿಗೂ ಫೋನು ಮಾಡಿ ತಿಳಿಸಿದ್ದರು. ಅಲ್ಲಿನ ವರ್ಕ್‌ಶಾಪಿನಲ್ಲಿ ಫೋರ್‌ಮನ್ ಅವರು. ಕ್ರಮ ತಪ್ಪಿದರೆ ಕ್ರೇನ್ ತಲೆಯ ಮೇಲೆ ಬೀಳುತ್ತದೆ ಎಂದು ನಂಬಿದ ಮನುಷ್ಯ. ಊರಿನಿಂದ ಯಾರಾದರೂ ಫೋನಿನಲ್ಲಿ 'ತಮ್ಮನ ಕಾರ್ಯ ಸರಿಯಾಗಿ ಮಾಡಿದ್ರಾ' ಎಂದು ಕೇಳಿದರೆ ಏನು ಹೇಳುವುದು ಎಂಬ ಚಿಂತೆ ಅವರಿಗೆ.

ಗಂಜಿ ಉಂಡು ಮುಗಿದ ಮೇಲೆ ತೆರೆಸಾ ಎದ್ದು ಫ್ರಿಜ್ಜು ತೆರೆದಳು. ಕ್ಯಾಮಿಲಸ್ ಹಿಂದೆಯೇ ಬಂದರು. ಅವರ ಹಿಂದೆ ಶೀನಪ್ಪ, ಚಂದ್ರಮತಿ, ಝುಲೈಖಾ. ಆ ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೂರನೆಯವರು ಉಸಿರು ಬಿಡಬಾರದು.

"ಇಲ್ಲಿ ಒಲೆ ಹೊತ್ತಿಸ್ಲಿಕ್ಕೆ ಇಲ್ಲ," ಎಂದರು ಕ್ಯಾಮಿಲಸ್.

"ಹಾಗಾದ್ರೆ ಬೇರೆ ಮನೆಯಲ್ಲಿ ಬೇಯಿಸ್ತೇನೆ," ತೆರೆಸಾ ಚಂದ್ರಮತಿಯ ಮುಖ ನೋಡಿದಳು.

ಚಂದ್ರಮತಿಗೆ ಇಕ್ಕಟ್ಟಾಯಿತು. "ಶುಕ್ರವಾರ ಅಲ್ವಾ ಬಾಯಮ್ಮ. ದೇವಿಗೆ ದೀಪ ಇಟ್ಟಿದ್ದೇನೆ. ಇವತ್ತು ನಮ್ಮ ಒಲೆಯಲ್ಲಿ ಮೊಟ್ಟೆ ಕೂಡ ಇಲ್ಲ. ನಾಳೆಯಾದ್ರೆ ಹಂದಿ ಅಲ್ಲ, ಆನೆ ಬೇಕಾದ್ರೂ ಬೇಯಿಸಿ."

"ನನ್ನ ಮುಖ ನೋಡ್ಬೇಡಿ," ಎಂದಳು ಝುಲೈಖಾ. "ಗೇಬ್ರಿಯಲಣ್ಣನಿಗಾಗಿ ಜೀವ ಬೇಕಾದ್ರೆ ಕೊಡ್ತೇನೆ, ಒಲೆ ಕೊಡ್ಲಿಕ್ಕೆ ಆಗ್ಲಿಕ್ಕಿಲ್ಲ."

ಒಂದೇ ಕಾರಿಡಾರು, ಮೂರು ಅಡುಗೆಮನೆ, ಮೂರಕ್ಕೂ ಬೀಗ. ತೆರೆಸಾ ಪಾತ್ರೆಯನ್ನು ಎದೆಗೊತ್ತಿಕೊಂಡು ನಿಂತಳು. ಆಗ ಶೀನಪ್ಪ ಗಂಟಲು ಸರಿಮಾಡಿಕೊಂಡ. ಅರ್ಜಿಯಲ್ಲಿ ತೂತು ಹುಡುಕುವುದೇ ಅವನ ಕಸುಬು.

"ಕ್ಯಾಮಿಲಸಣ್ಣ, ತಪ್ಪು ತಿಳೀಬೇಡಿ. ಕ್ರಮ ಎಂತ? ಬೆಂಕಿ ಹೊತ್ತಿಸಬಾರದು. ಅಲ್ವಾ?"

"ಹೌದು."

"ಇದು ಕರೆಂಟಿನ ಒಲೆ. ಬೆಂಕಿ ಎಲ್ಲುಂಟು ತೋರಿಸಿ?"

ಕ್ಯಾಮಿಲಸ್ ಬಗ್ಗಿ ಒಲೆ ನೋಡಿದರು. ಬೆಂಕಿ ಕಾಣಲಿಲ್ಲ.

"ಮಾಂಸ?" ಎಂದರು.

"ತಿನ್ನಬಾರದು ಅಂತ ಉಂಟು. ಬೇಯಿಸಬಾರದು ಅಂತ ಉಂಟಾ? ಬೇಯಿಸಿ ಫ್ರೀಜರಲ್ಲಿಡುವ. ಏಳನೇ ದಿನ ಎಲ್ಲರೂ ಕೂತು ತಿನ್ನುವ. ಈ ಸಾಮಾನು ಇಟ್ಟಷ್ಟೂ ರುಚಿ ಅಂತ ಪೊರ್ಬುಗಳೇ ಹೇಳ್ತಿದ್ರು."

ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ. ಆದರೂ ಕ್ಯಾಮಿಲಸರ ಹುಬ್ಬಿನ ಗಂಟು ಬಿಡಲಿಲ್ಲ. ಅವರು ತೆರೆಸಾಳ ಕಡೆ ತಿರುಗಿದರು.

"ಅಷ್ಟು ಇಷ್ಟವಾ ನಿನಗೆ ಇದು? ಒಂದು ಸಲ ನಾನೂ ತಿಂದಿದ್ದೇನೆ. ಎರಡು ದಿನ ಡ್ಯೂಟಿಗೆ ಹೋಗ್ಲಿಕ್ಕೆ ಆಗ್ಲಿಲ್ಲ. ಮತ್ತೆ ಈ ಕಡೆ ಜನವರಿಯಲ್ಲಿ ತಲೆ ಹಾಕ್ಲಿಲ್ಲ."

"ಇಷ್ಟ ಇಲ್ಲ ಬಾವ. ಇಲ್ಲಿ ಯಾರಿಗೂ ಇಷ್ಟ ಇಲ್ಲ."

"ಮತ್ತೆ ಎಂತಕ್ಕೆ?"

"ಅವರು ನೆನೆಹಾಕಿದ್ದು." ಅವಳ ದನಿ ಸಣ್ಣಗಾಯಿತು. "ಅವರ ಬಟ್ಟೆ, ಬೂಟು ಎಲ್ಲ ನಾಳೆ ಯಾರಿಗಾದ್ರೂ ಕೊಡ್ತೇನೆ, ನನಗೆ ಬೇಜಾರಿಲ್ಲ. ಇದೊಂದನ್ನು ಅರ್ಧದಲ್ಲಿ ಬಿಟ್ಟು ಹೋಗಿದ್ದಾರೆ. ಹೆದರಿಸು ಅಂತ ಹೇಳಿದ್ರು ನನಗೆ. ಆಗುದಿಲ್ಲ ಅಂದೆ."

ಕ್ಯಾಮಿಲಸ್ ಒಲೆಯ ಮುಂದಿನಿಂದ ಸರಿದು ನಿಂತರು. ಆಮೇಲೆ ಕಿಸೆಯಿಂದ ಜಪಮಾಲೆ ತೆಗೆದರು. "ತಿನ್ನಲಿಕ್ಕಿಲ್ಲ. ಉಪ್ಪು ನೋಡ್ಲಿಕ್ಕೂ ಇಲ್ಲ," ಎಂದು ಹಾಲ್‌ಗೆ ಹೋಗಿ ತೇರ್ಸ್ ಪ್ರಾರ್ಥನೆ ಶುರುಮಾಡಿದರು.

ಪಾತ್ರೆ ಒಲೆಗೇರಿತು. ಕೊಬ್ಬಿನ ತುಂಡು, ಕೆಂಪು ಸಾಸೇಜು, ಕರಿ ಸಾಸೇಜು ಒಂದೊಂದಾಗಿ ಮುಳುಗಿದವು. ಝುಲೈಖಾ ಮಗ್ರಿಬ್ ನಮಾಝಿಗೆಂದು ತನ್ನ ಮನೆಗೆ ಹೋದಳು. ಮೊದಲ ಕುದಿ ಬಂತು. ನಾನು ನಾನು ಎಂದು ಮುಂದೆ ಬಂದ ಶೀನಪ್ಪ ತಣ್ಣೀರು ಸುರಿದು, ಪಾತ್ರೆಯ ಮೇಲೆ ಬಗ್ಗಿ, ಆಯುಷ್ಯವಿಡೀ ಕೌಂಟರಿನ ಮುಂದೆ ಬಗ್ಗಿ ಮಾತಾಡಿದ ದನಿಯಲ್ಲಿ, "ಸ್ವಲ್ಪ ನಿಲ್ಲಬಹುದಾ, ಪ್ಲೀಸ್?" ಎಂದ.

"ಅರ್ಜಿ ಕೊಡುದಾ ನೀವು? ಹೆದರಿಸಿ ಮಾರಾಯ್ರೆ!" ಎಂದಳು ಚಂದ್ರಮತಿ.

ಎರಡನೆಯದಕ್ಕೆ ಸ್ವೀಡಲ್ ಬಂದಳು. "ಸ್ಟಾಪ್ ಇಟ್, ಓಕೆ?" ಎಂದಳು. ಹೇಳುವಷ್ಟರಲ್ಲಿ ಕಣ್ಣೀರು ಇಳಿದು ಓಡಿಹೋದಳು. ನೀರಿಗೆ ಕುದಿ ಇಳಿಯಿತು. ಗೋಡೆಯ ಆಚೆ ಮಾತ್ರ ಸದ್ದಿರಲಿಲ್ಲ.

ಮೂರನೆಯದು ತೆರೆಸಾಳ ಪಾಲಿಗೆ ಉಳಿಯಿತು. ಅವಳು ಲೋಟ ತುಂಬಿ ನಿಂತಳು. ಹಾಲ್‌ನಿಂದ ಪ್ರಾರ್ಥನೆ ಒಂದೇ ಸಮನೆ ಹರಿದು ಬರುತ್ತಿತ್ತು. ಬಿಳಿ ನೊರೆ ಮೇಲೆದ್ದು ಪಾತ್ರೆಯ ಅಂಚಿಗೆ ಬಂತು. ಅವಳು ನೀರು ಸುರಿದಳು. ಬಾಯಿ ತೆರೆದಳು. ಎರಡು ದಿನದಿಂದ ಎದೆಯಲ್ಲಿ ಗಾಳಿಯಾಗಿ ನಿಂತದ್ದೆಲ್ಲ ಒಟ್ಟಿಗೆ ನುಗ್ಗಿ ಬಂತು.

"ಏಯ್! ಖಲಾಸ್!"

ಹಾಲ್‌ನಲ್ಲಿ ಪ್ರಾರ್ಥನೆ ಗಕ್ಕನೆ ನಿಂತಿತು. ಪಾತ್ರೆ ಸುಮ್ಮನಾಯಿತು. ಫ್ರಿಜ್ಜಿನ ಸದ್ದು ಮಾತ್ರ ಕೇಳುತ್ತಿತ್ತು. ಆಮೇಲೆ ಗೋಡೆಯ ಆಚೆಯಿಂದ, ಮಸಾಲೆ ಗುದ್ದುವ ಕಲ್ಲಿನಿಂದ ಒಂದು ಗುದ್ದು ಬಿತ್ತು. ಸ್ವಲ್ಪ ತಡೆದು ಇನ್ನೊಂದು. ಮತ್ತೊಂದು.

ತೆರೆಸಾ ಗೋಡೆಗೆ ಕೈಯಿಟ್ಟು ಗೋಳೋ ಎಂದು ಅತ್ತಳು. ಕರ್ಚೀಫು ಹಿಡಿದ ಹೆಂಗಸರು ಬಾಗಿಲವರೆಗೆ ಓಡಿ ಬಂದು, ಒಳಗೆ ಜಾಗವಿಲ್ಲದೆ ಅಲ್ಲೇ ನಿಂತರು. ಅವರ ನಡುವಿಂದ ಕ್ಯಾಮಿಲಸ್ ತೂರಿ ಬಂದರು. ಕೋಟು ಬಿಚ್ಚಿ ಕುರ್ಚಿಯ ಮೇಲೆ ಎಸೆದು, ಅಂಗಿಯ ತೋಳು ಮಡಚಿದರು.

"ಚಮಚ ಹಾಕ್ಲಿಕ್ಕಿಲ್ಲ ಅಲ್ವಾ ಇದಕ್ಕೆ?"

"ಇಲ್ಲ," ಎಂದಳು ತೆರೆಸಾ, ಬಿಕ್ಕುತ್ತಲೇ. "ಕಿವಿ ಹಿಡಿದು ಅಲ್ಲಾಡಿಸ್ಬೇಕು. ಅಡಿ ಹಿಡೀತದೆ ಇಲ್ಲದಿದ್ರೆ."

ಅವರು ಒರೆಸುವ ಬಟ್ಟೆಯ ಒಂದು ತುದಿಯನ್ನು ಪಾತ್ರೆಯ ಒಂದು ಕಿವಿಗೆ ಸುತ್ತಿ, ಇನ್ನೊಂದು ತುದಿಯನ್ನು ಅವಳ ಕೈಗೆ ಕೊಟ್ಟರು.

"ಹಿಡಿ."

ಅವಳು ಮೂಗು ಒರೆಸಿಕೊಂಡು ಹಿಡಿದಳು. ಇಬ್ಬರೂ ಸೇರಿ ಪಾತ್ರೆಯನ್ನು ಮೆಲ್ಲಗೆ ಅತ್ತ, ಮೆಲ್ಲಗೆ ಇತ್ತ ಅಲ್ಲಾಡಿಸಿದರು. ಒಳಗೆ ಕಾಳುಗಳು, ಒಂದೂ ಸಿಪ್ಪೆ ಬಿಡದೆ, ಒಂದರ ಪಕ್ಕ ಒಂದು ಸರಿದು ಕೂತವು.